ಅವ್ವನ ಪಾಲಿನ ಡಬ್ಬಿ

ಮಕ್ಕಳನ್ನ ಕರಕೊಂಡು ಹೊರಗ ಹೋಗಿ, ನಗಿಪಾಟಲು ಆಗ್ದೆ ಮನಿಗಿ ಬಂದ ಒಂದು ಆಯ್ತಾರನೂ ನನಗ ನೆನಪಿಲ್ಲ. ಉಳದವರು ಹೋದ್ರ ಫೋಟೋ ತಗೊಂಡು ಬರ್ತಾರ. ನಾವು ಹೋದ್ರ ಯಾರರೇ ಬೈದು ಕಳಸ್ತಾರ, ಇಲ್ಲಾ ನಕ್ಕು ಕಳಸ್ತಾರ.

ನಂದು ಜಹೀರಾಬಾದ್‌ದಾಗ ಒಂದು ಸಣ್ಣ ಚಷ್ಮಾದ ಅಂಗಡಿ. ಮನ್ಯಾಗ ನಮ್ಮವ್ವ ಇದ್ದಾಳ, ಮಕ್ಕಳು ಆಕಿಗಿ ಆಯಿ ಅಂತಾರ. ಹನ್ನೊಂದು ವರ್ಷದ ಮಗ ಒಬ್ಬ, ಆರು ವರ್ಷದ ಮಗಳು ಒಬ್ಬಾಕಿ. ಮಗಗ ದೊಡ್ಡಾಂವ ಅಂತೀವಿ, ಮಗಳಿಗಿ ಸಣ್ಣಾಕಿ. ನನ್ನ ಹೆಂಡ್ತಿ ಇದ್ದಾಗ ಮನ್ಯಾಗ ಒಂದು ಕಾಯ್ದೆ ಇತ್ತು. ದೀಪಾವಳಿಯಿಂದ ಶಿವರಾತ್ರಿ ತನಕ ಆಯ್ತಾರ ಯಾರೂ ಮನ್ಯಾಗ ಕುಂದ್ರಂಗಿಲ್ಲ. "ಚಳಿಗಿ ಮನ್ಯಾಗ ಕುಂತ ಮಕ್ಕಳ ಮೂಗು ಸೋರ್ತದ. ಬಿಸಲಾಗ ತಿರಗೋ ಮಕ್ಕಳಿಗಿ ಮೂಗು ಎಲ್ಲಿ ಅದ ಅನ್ನೋದೇ ಮರೀತದ" ಅಂತಿದ್ದಳು. ಬುತ್ತಿ ಕಟ್ಟೋದು, ಕಿವಿಗಿ ಟೊಪ್ಪಿಗಿ ಹಾಕೋದು, ಬಸ್ಸಿನಾಗ ಸೀಟು ಹಿಡಿಯೋದು, ಎಲ್ಲಾ ಆಕಿದೇ. ನಾ ಹಿಂದಿಂದ ಚೀಲ ಹೊತ್ಕೊಂಡು ಹೋಗೋ ಗಿರಾಕಿ.

ಹೋದ ಶ್ರಾವಣದಾಗ ಆಕಿ ಜ್ವರ ಬಂದು ಮೂರೇ ದಿನದಾಗ ತೀರಿಕೊಂಡಳು. ಸಣ್ಣಾಕಿನ್ನ ಬಾಜೂ ಮನ್ಯಾಗ ಬಿಟ್ಟಿದ್ವಿ. ಎಲ್ಲಾ ಮುಗಿಸಿ ಬಂದ ಮ್ಯಾಲ "ಅವ್ವ ಎಲ್ಲಿ?" ಅಂತ ಕೇಳಿದಳು. ನನ್ನ ಬಾಯಿಗಿ ಖರೇ ಮಾತು ಬರಲಿಲ್ಲ. "ಊರಿಗಿ ಹೋಗ್ಯಾಳ" ಅಂದೆ. ಯಾವ ಊರು, ಯಾವಾಗ ಬರ್ತಾಳ ಅಂತ ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ. ಈ ಸುಳ್ಳು ಎಂದರೇ ಒಂದಿನ ಒಡೀತದ, ಒಡದ ದಿನ ಈ ಕೂಸಿನ ಗತಿ ಏನು ಅನ್ನೋ ಫಿಕರ್ ನನಗ ಹಗಲೆಲ್ಲ ತಿಂತಿತ್ತು.

ಆದ್ರೂ ಹೆಂಡ್ತಿ ಕಾಯ್ದೆ ಮುರೀಬಾರದು ಅಂತ, ದೀಪಾವಳಿ ಆದ ಮರು ಆಯ್ತಾರದಿಂದ ಮಕ್ಕಳನ್ನ ಕರಕೊಂಡು ಹೊಂಟೆ. ಒಂದು ಜಾಗ ಬಿಟ್ಟು ಎಲ್ಲಾ ಕಡಿ ಹೋದೆ. ಆ ಒಂದು ಜಾಗ ನಮ್ಮ ಹೊಲ. ಮನೂರ್ ಕಡಿ ಇರೋ ಆ ಹೊಲದ ಮೂಲ್ಯಾಗೇ ಆಕಿನ್ನ ಮಣ್ಣು ಮಾಡೀವಿ.

ಜಡಿ

ಮೊದಲನೇ ಆಯ್ತಾರ ಬೆಲ್ಲದ ಗಾಣ ನೋಡಾಕ ಹೊಂಟ್ವಿ. ಮುಂಜಾನಿ ಎದ್ದು ಸಣ್ಣಾಕಿಗಿ ನಾನೇ ಜಡಿ ಹಾಕಿದೆ. ಚಷ್ಮಾದ ಸಣ್ಣ ಸಣ್ಣ ಸ್ಕ್ರೂ ತಿರುಗಿಸೋ ಕೈ ನಂದು, ಮೂರು ಎಳಿ ಕೂದಲ ಹೆಣಿಯೋದು ಯಾ ದೊಡ್ಡ ಮಾತು ಅಂದ್ಕೊಂಡಿದ್ದೆ. ಅರ್ಧಾ ತಾಸು ಹಿಡೀತು. ಒಂದು ಜಡಿ ಕಿವಿ ಮ್ಯಾಲ ಬಂತು, ಇನ್ನೊಂದು ಬೆನ್ನಿಗಿ ಹೋತು. ಕೂಸು ಪಾಪ ಕಣ್ಣಾಗ ನೀರು ತಂದ್ಕೊಂಡ್ರೂ ಬಾಯಿ ಬಿಡಲಿಲ್ಲ.

"ಚಂದ ಆತೇನವ್ವಾ?" ಅಂತ ಕೇಳಿದೆ.

"ಆತಪ್ಪಾ. ಅವ್ವನಕಿಂತ ಗಟ್ಟಿ ಅದ" ಅಂದಳು.

ಬಸ್ ಸ್ಟ್ಯಾಂಡಿನ್ಯಾಗ ಕಂಬಳಿ ಹೊದ್ದ ಒಬ್ಬ ಮುದುಕಿ ನಮ್ಮ ಬಾಜೂ ಕುಂತಿದ್ದಳು. ಕುರಿ ಹಿಂಡಿನ ಹಿಂದ ತಿರಗೋ ಹೆಣ್ಮಗಳು. ಸಣ್ಣಾಕಿ ತಲಿ ಕಡಿ ಒಂದ್ಸಲ ನೋಡಿದಳು, ನನ್ನ ಕಡಿ ಒಂದ್ಸಲ ನೋಡಿದಳು. ತಡಿಲಾರದೆ ಕೇಳೇ ಬಿಟ್ಟಳು. "ಇವರವ್ವ ಎಲ್ಲಿ ಹೋಗ್ಯಾಳಪ್ಪಾ?"

ನಾ ಬಾಯಿ ತೆಗಿಯೋದ್ರಾಗ ಸಣ್ಣಾಕಿನೇ ಜಲ್ದಿ ಹೇಳಿದಳು. "ಊರಿಗಿ ಹೋಗ್ಯಾಳ್ರಿ."

ಮುದುಕಿ ಕೂಸಿನ್ನ ಮೊಣಕಾಲ ನಡುವ ಕೂಡಿಸ್ಕೊಂಡು, ನಾ ಹಾಕಿದ್ದೆಲ್ಲಾ ಬಿಚ್ಚಿ, ಎರಡು ನಿಮಿಷದಾಗ ಎರಡು ಜಡಿ ಹಾಕಿ ಮುಗಿಸಿದಳು. ನಾ ಬಾಯಿ ಬಿಟ್ಟು ನೋಡ್ಕೋತ ನಿಂತೆ. ಬಿಚ್ಚಿದ ರಬ್ಬರ್ ಬ್ಯಾಂಡು ಎಣಿಸಿದಳು, ಒಂಬತ್ತು ಇದ್ವು.

"ಏನಪ್ಪಾ" ಅಂದಳು, "ನೀ ಕೂಸಿಗಿ ಜಡಿ ಹಾಕಿದ್ಯೋ, ಎತ್ತಿಗಿ ಮೂಗುದಾರ ಹಾಕಿದ್ಯೋ?"

ಪಾರ್ಸಲ್

ಜ್ವಾಳ ಹಾಲು ತುಂಬಿದ ಮ್ಯಾಲ ನಾರಾಯಣಖೇಡ್ ಕಡಿ ಗೆಳೆಯನ ಹೊಲಕ ಸೀತನಿ ತಿನ್ನಾಕ ಹೋದ್ವಿ. ಎಳೀ ಜ್ವಾಳದ ತೆನಿ ಕುಳ್ಳಿನ ಕೆಂಡದಾಗ ಸುಟ್ಟು, ಅಂಗೈಯಾಗ ತಿಕ್ಕಿ, ಹೊಟ್ಟು ಊದಿ, ಬೆಲ್ಲ ಇಲ್ಲಾ ಹಿಂಡಿ ಖಾರ ಹಚ್ಕೊಂಡು ತಿಂದ್ರ ಅದರ ಮುಂದ ಯಾವ ಹೋಟೆಲ್ ಊಟನೂ ಇಲ್ಲ. ಹೆಂಡ್ತಿ ಇದ್ದಾಗ ಆಕಿ ತಿಕ್ಕಿ ಕೊಡಾಕಿ, ನಾವು ತಿನ್ನಾವ್ರು. ಆಕಿ ಮಾತ್ರ ಸೀತನಿ ಜೋಡಿ ಹಸಿಮೆಣಸಿನಕಾಯಿ ಕಡ್ಕೊಂಡು ತಿಂತಿದ್ದಳು. ಕಣ್ಣಾಗ ಒಂದು ಹನಿ ನೀರು ಬರ್ತಿದ್ದಿಲ್ಲ. ನನಗಾದ್ರ ಮೆಣಸಿನಕಾಯಿ ನೋಡಿದ್ರೇ ಬಿಕ್ಕಳಿಕಿ ಶುರು ಆಗ್ತದ.

ಆ ದಿನ ತಿಕ್ಕೋ ಕೆಲಸ ನನಗ ಬಿತ್ತು. ಅಂಗೈ ಸುಟ್ಕೊಂಡೆ, ಊದೋವಾಗ ಹೊಟ್ಟೆಲ್ಲಾ ನನ್ನ ಕಣ್ಣಾಗೇ ಬಿತ್ತು. ಮಕ್ಕಳು ಉಂಡರು. ನನಗ ಒಂದು ಮುಕ್ಕು ಸುದ್ದಾ ಒಳಗ ಇಳೀಲಿಲ್ಲ. ಖರೇ ಹೇಳಬೇಕಂದ್ರ ಶ್ರಾವಣದಿಂದ ನನ್ನ ಊಟ ಹಂಗೇ ಆಗಿತ್ತು. ತಾಟಿನ ಮುಂದ ಕುಂದ್ರತಿದ್ದೆ, ನೀರು ಕುಡದು ಏಳತಿದ್ದೆ. ಆಯಿ ಬೈದು ಬೈದು ಸಾಕಾಗಿದ್ದಳು.

ಹೊಳ್ಳಿ ಹೊಂಡೋ ಮುಂದ ಸಣ್ಣಾಕಿ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತಗದು, ಸೀತನಿ ತುಂಬಿ, ಮ್ಯಾಲ ಹಿಂಡಿ ಖಾರ ಹಾಕಿ, ಮುಚ್ಚಳ ಗಟ್ಟಿ ಒತ್ತಿ ನನ್ನ ಕೈಯಾಗ ಕೊಟ್ಟಳು.

"ಇದು ಅವ್ವನ ಪಾಲು. ಊರಿಗಿ ಕಳಸು."

"ಆತವ್ವಾ, ನಾಳಿ ಬಸ್ಸಿನಾಗ ಪಾರ್ಸಲ್ ಹಾಕ್ತೀನಿ" ಅಂದೆ. ಒಂದು ಸುಳ್ಳಿಗಿ ಇನ್ನೊಂದು ಸುಳ್ಳು ಕೂಡ್ತು.

ಮರುದಿನ ಡಬ್ಬಿ ತಗೊಂಡು ಅಂಗಡಿಗಿ ಹೋದೆ. ಚೆಲ್ಲಾಕ ಮನಸ್ಸು ಬರಲಿಲ್ಲ. ಕೂಸು ಅವ್ವಗ ಅಂತ ಕಟ್ಟಿದ್ದು, ಹೆಂಗ ಚೆಲ್ಲೋದು? ಒಂದು ಕಾಳು ಬಾಯಾಗ ಹಾಕ್ಕೊಂಡೆ. ಅಳು ಬಂತು. ಇನ್ನೊಂದು ಮುಕ್ಕು ಹಾಕ್ಕೊಂಡೆ. ನೋಡ್ತಾ ನೋಡ್ತಾ ಡಬ್ಬಿ ಖಾಲಿ ಆತು. ಆಗೇ ಒಬ್ಬ ಹಿರಿಯರು ಕಣ್ಣು ತೋರಸಾಕ ಬಂದ್ರು. ನಾ ಗಡಿಬಿಡಿಯಿಂದ ಎದ್ದು ಗೋಡಿ ಮ್ಯಾಲಿನ ಅಕ್ಷರದ ಹಲಗಿ ತೋರಿಸಿ, "ಕೆಳಗಿನ ಸಾಲು ಓದ್ರಿ" ಅಂದೆ.

ಅವರು ಹಲಗಿ ಬಿಟ್ಟು ನನ್ನೇ ನೋಡಿದ್ರು. "ಅಲ್ಲಿದು ಏನೂ ಕಾಣಂಗಿಲ್ರಿ. ನಿಮ್ಮ ಬಾಯಿ ಸುತ್ತ ಕರೀದು ಏನೋ ಬರದದ ನೋಡ್ರಿ, ಅದು ಬರೋಬ್ಬರಿ ಕಾಣಸ್ತದ" ಅಂದ್ರು.

ಆ ದಿನ ಸಂಜಿಗಿ ಸಣ್ಣಾಕಿ ವಿಚಾರಣಿ ಬ್ಯಾರೇ ಇತ್ತು.

"ಅವ್ವ ತಿಂದಳಂತಾ?"

"ತಿಂದಳಂತ."

"ಎಲ್ಲಾ?"

"ಎಲ್ಲಾ ತಿಂದಳಂತ."

"ಖಾರ ಆತಂತಾ?"

ಹಿಂಡಿ ಖಾರಕ್ಕ ನನ್ನ ನಾಲಿಗಿ ಇನ್ನಾ ಉರಿಯಾಕತ್ತಿತ್ತು. ವಿಚಾರನೇ ಮಾಡದೆ "ಹೂಂ, ಜರಾ ಖಾರ ಆತಂತ" ಅಂದೆ. ಆಕಿ ನನ್ನ ಮಾರಿ ಭಾಳ ಹೊತ್ತು ನೋಡಿದಳು. ಆಮ್ಯಾಲ ಆಯಿ ಕಡಿ ತಿರುಗಿ ಅಂದಳು.

"ಆಯೀ, ಮುಂದಿನ ವಾರ ದೊಡ್ಡ ಡಬ್ಬಿ ಕೊಡು. ಅವ್ವಗ ಹಸಿವು ಜಾಸ್ತಿ ಆಗ್ಯದ, ಖಾರ ಕಮ್ಮಿ ಆಗ್ಯದ."

ತಪ್ಪಿಸ್ಕೊಂಡಾಂವ

ದೊಡ್ಡಾಂವಗ ಗೂಡ್ಸ್ ಗಾಡಿ ಡಬ್ಬಿ ಎಣಿಸೋದು ಅಂದ್ರ ಜೀವ. ಅವರವ್ವ ವರ್ಷಕ್ಕೊಮ್ಮೆ ತಾಂಡೂರಿಗಿ ಕರಕೊಂಡು ಹೋಗಿ, ಸ್ಟೇಷನ್ನಿನ್ಯಾಗ ಕೂಡಿಸಿ, ಬುತ್ತಿ ಉಣಿಸಿ, ಡಬ್ಬಿ ಎಣಿಸಿ ತರ್ತಿದ್ದಳು. ಈ ಸಲ ನಾ ಹೋದೆ. ಗೂಡ್ಸ್ ಬಂತು. ನಾನೂ ದೊಡ್ಡಾಂವನೂ ಜೋರಾಗಿ ಎಣಿಸಾಕ ಹತ್ತಿದ್ವಿ. ಐವತ್ತೆಂಟು ಅಂದೆ. ಆತ ಐವತ್ತೊಂಬತ್ತು ಅಂದ. ಸಣ್ಣಾಕಿಗಿ ಕೇಳೋಣಂತ ತಿರುಗಿದ್ರ ಸಣ್ಣಾಕಿನೇ ಇಲ್ಲ.

ಬೆಂಚಿನ ಕೆಳಗ ನೋಡಿದೆ, ನೀರಿನ ನಳದ ಹಂತ್ಯಾಕ ನೋಡಿದೆ, ಹಳಿ ಕಡಿ ನೋಡಾಕ ಧೈರ್ಯ ಆಗಲಿಲ್ಲ. ಒಬ್ಬಾಕಿನ್ನ ಕಳಕೊಂಡು ನಾಕು ತಿಂಗಳಾಗಿಲ್ಲ, ಇನ್ನೊಂದನ್ನೂ ಕಳಕೊಂಡೆ ಅಂತ ಅಲ್ಲೇ ಕುಸೀಬೇಕು, ಅಷ್ಟರಾಗ ಮೈಕ್ ಕಿರ್ ಅಂತು. ತೆಲುಗಿನ್ಯಾಗ ಒಬ್ಬ ಹೆಣ್ಮಗಳು ಹೇಳಾಕತ್ತಿದ್ದಳು. ನಮ್ಮ ಮಾತಿನಾಗ ಹೇಳಬೇಕಂದ್ರ ಹಿಂಗ ಇತ್ತು.

"ಎಲ್ಲರೂ ಲಕ್ಷ್ಯ ಕೊಟ್ಟು ಕೇಳ್ರಿ. ಒಬ್ಬ ಸಣ್ಣ ಹುಡುಗಿಯ ತಂದಿ ತಪ್ಪಿಸ್ಕೊಂಡಾರ. ದಪ್ಪ ಚಷ್ಮಾ ಹಾಕ್ಯಾರ. ಮೈ ಮ್ಯಾಲ ಕಂದು ಸ್ವೆಟರ್ ಅದ, ಉಲ್ಟಾ ತೊಟ್ಟಾರ. ಭಾಳ ಗಾಬರಿ ಬಿದ್ದಿರ್ತಾರ. ಯಾರಿಗರೇ ಸಿಕ್ಕರ ಸಮಾಧಾನ ಮಾಡಿ ಕರಕೊಂಡು ಬರ್ರಿ."

ನಾ ಬಗ್ಗಿ ನನ್ನ ಸ್ವೆಟರ್ ನೋಡ್ಕೊಂಡೆ. ಉಲ್ಟಾನೇ ಇತ್ತು. ಅಷ್ಟರಾಗ ಇಬ್ಬರು ಹಮಾಲರು ಬಂದು ನನ್ನ ರಟ್ಟಿ ಹಿಡದ್ರು. "ದೊರಿಕಿಂಡು, ದೊರಿಕಿಂಡು!" ಅಂತ ಕೂಗಿದ್ರು, ಸಿಕ್ಕ ಅಂತ. ಪ್ಲಾಟ್‌ಫಾರ್ಮಿನ ಮಂದಿ ಎಲ್ಲಾ ನನಗ "ಏನೂ ಹೆದರಬ್ಯಾಡ್ರಿ" ಅಂತ ಹೇಳೋರೇ.

ಸಣ್ಣಾಕಿ ಮೈಕಿನಾಕಿ ಬಾಜೂ ಸ್ಟೂಲಿನ ಮ್ಯಾಲ ಕುಂತು ಬಿಸ್ಕಿಟ್ ತಿನ್ನಾಕತ್ತಿದ್ದಳು. ನಾ ಹೋಗಿ ಅಪ್ಪಿಕೊಂಡು ಅತ್ತುಬಿಟ್ಟೆ. ಆ ಹೆಣ್ಮಗಳು ನನ್ನ ಕಡಿ ನೋಡಿ ಮೆಲ್ಲಗ ಕೇಳಿದಳು, "ಪಾಪ ಚೆಪ್ಪಿಂದಿ ಸಾರೂ, ಅಮ್ಮ ಪೋಯಿಂದಿ ಅನಿ. ನಿಜಮೇನಾ?" ಅವ್ವ ಪೋಯಿಂದಿ ಅಂತ ಕೂಸು ಹೇಳ್ತು, ಖರೇನಾ ಅಂತ.

ತೆಲುಗಿನ್ಯಾಗ 'ಪೋಯಿಂದಿ' ಅಂದ್ರ ಹೋದಳು ಅಂತನೂ ಆತು, ತೀರಿಕೊಂಡಳು ಅಂತನೂ ಆತು. ಸಾಲ್ಯಾಗ ಎರಡು ವರ್ಷ ತೆಲುಗು ಕಲತ ಕೂಸು, ಅರ್ಧಾ ಮಾತು ಬಿಟ್ಟು ಹೇಳ್ಯಾಳ ಅಂದ್ಕೊಂಡೆ. ಗಾಬರಿಯಿಂದ "ಊರಿಕಿ, ಊರಿಕಿ ಪೋಯಿಂದಿ" ಅಂತ ತಿದ್ದಿದೆ. ಸಣ್ಣಾಕಿ ನನ್ನ ಮಾರಿ ನೋಡಿದಳು, ಮೈಕಿನಾಕಿ ಮಾರಿ ನೋಡಿದಳು. ನನ್ನ ಕೈ ಮ್ಯಾಲ ತನ್ನ ಕೈ ಇಟ್ಟು, "ಹೌದ್ರಿ, ಊರಿಗೇ" ಅಂದಳು.

ಹೊಂಡೋ ಮುಂದ ಮೈಕಿನಾಕಿ ಬೆರಳು ತೋರಿಸಿ ಬುದ್ಧಿ ಹೇಳಿದಳು. "ಇನ್ನ ಮ್ಯಾಲ ಕೈ ಬಿಡಬ್ಯಾಡ, ಗಟ್ಟಿ ಹಿಡ್ಕೋ." ನನಗಲ್ಲ, ಸಣ್ಣಾಕಿಗಿ.

ಹೇಳ್ರಿ, ಹೇಳಬ್ಯಾಡ್ರಿ

ತಾಂಡೂರಿಂದ ಬಂದ ಮ್ಯಾಲ ನನಗ ಹೆದರಿಕಿ ಜಾಸ್ತಿ ಆತು. ಎಳ್ಳ ಅಮಾಸಿ ಹತ್ರ ಬಂದಿತ್ತು. ಆ ದಿನ ನಮ್ಮ ಕಡಿ ಮನಿಗಿ ಕೀಲಿ ಹಾಕಿ ಮಂದಿ ಎಲ್ಲಾ ಹೊಲಕ ಹೋಗ್ತಾರ. ಹೋಗಲಿಕ್ಕಂದ್ರ ಭೂಮ್ತಾಯಿಗಿ ಬ್ಯಾಸರ ಆಗ್ತದ ಅಂತಾಳ ಆಯಿ. ಹೋದ್ರ ಮೂಲ್ಯಾಗ ಹೆಂಡ್ತಿ ಸಮಾಧಿ ಮ್ಯಾಲಿನ ಸುಣ್ಣ ಹಚ್ಚಿದ ಕಟ್ಟಿ ನೋಡಿ ಸಣ್ಣಾಕಿ ಕೇಳ್ತಾಳ. ಏನ್ ಹೇಳೋದು?

ಸಾಲಿ ಟೀಚರ್‌ಗ ಕೇಳಿದೆ. "ಇವತ್ತೇ ಹೇಳ್ರಿ, ಸುಳ್ಳು ಬೆಳಸಬ್ಯಾಡ್ರಿ" ಅಂದ್ರು. ಆಯಿಗಿ ಕೇಳಿದೆ. "ನೀ ಮೊದಲ ಉಣ್ಣು, ಆಮ್ಯಾಲ ಕೇಳು" ಅಂದಳು. ದೊಡ್ಡಾಂವಗ ಏನೂ ಕೇಳಿದ್ದಿಲ್ಲ, ಸುಮ್ಕ ಹೋಂವರ್ಕ್ ಮಾಡ್ಕೋತ ಕುಂತಿದ್ದ. ತಾನೇ ತಲಿ ಎತ್ತಿ "ನಾ ಆಕಿಗಿ ಏನೂ ಹೇಳಿಲ್ಲಪ್ಪಾ, ಆಣಿ" ಅಂದ.

ಕಡೀಗಿ ನನ್ನ ಅಂಗಡಿ ಬಾಜೂ ಗಡಿಯಾರ ರಿಪೇರಿ ಮಾಡೋ ಚಾಚಾಗ ಕೇಳಿದೆ. ಅವರು ಕಣ್ಣಿಗಿ ಹಚ್ಚಿದ ಗ್ಲಾಸ್ ತಗೀದೇನೇ ಅಂದ್ರು, "ಅರೇ ಭಾಯ್, ಬಚ್ಚ್ಯಾಂಕು ಸಬ್ ಮಾಲೂಮ್ ರಹತಾ. ಮಕ್ಕಳಿಗಿ ಎಲ್ಲಾ ಗೊತ್ತಿರ್ತದ."

ನಾ ಆ ಮಾತು ತಲ್ಯಾಗ ಹಾಕ್ಕೊಳ್ಳಲಿಲ್ಲ. ಅವರ ಅಂಗಡಿ ಗೋಡಿ ಮ್ಯಾಲ ಇಪ್ಪತ್ತು ಗಡಿಯಾರ ಅದಾವ, ಒಂದರ ಟೈಮ್ ಇನ್ನೊಂದಕ್ಕ ಕೂಡಂಗಿಲ್ಲ. ಅಂಥವರ ಮಾತು ಏನ್ ನಂಬೋದು?

ಎಳ್ಳ ಅಮಾಸಿ

ಆಯಿ ಎರಡು ದಿನ ಕುಂತು ಭಜ್ಜಿ ಮಾಡಿದಳು. ಸಿಕ್ಕ ಪಲ್ಯ ಎಲ್ಲಾ, ಹಸಿ ಕಡ್ಲಿ, ತೊಗರಿ, ಅವರಿ ಎಲ್ಲಾ ಒಂದೇ ಗಡಗ್ಯಾಗ ಕುದಿಸೋ ಪದಾರ್ಥ ಅದು. ಸಜ್ಜಿ ರೊಟ್ಟಿ, ಕಡಬು, ಒಂದು ಗಡಗಿ ಜ್ವಾಳದ ಅಂಬಲಿ ಬ್ಯಾರೇ. ಶೇರ್ ಆಟೋದಾಗ ಹನ್ನೆರಡು ಮಂದಿ ತುಂಬಿದ್ರು. ಅಂಬಲಿ ಗಡಗಿ ನನ್ನ ತೊಡಿ ಮ್ಯಾಲ. ಒಂದೊಂದು ತೆಗ್ಗಿಗಿ ಒಂದೊಂದು ಗುಟುಕು ನನ್ನ ಪ್ಯಾಂಟು ಕುಡೀತು. ಹೊಲ ಮುಟ್ಟೋದ್ರಾಗ ಭೂಮ್ತಾಯಿಗಿಂತ ಮೊದಲ ನನಗೇ ನೈವೇದ್ಯ ಆಗಿತ್ತು.

ಹೊಲದಾಗ ಜ್ವಾಳ ಎದಿ ಮಟ ದಾಟಿ ನಿಂತಿತ್ತು. ಬಿತ್ತಿದ್ದು ನನ್ನ ಕಾಕಾ. ಮೂಲ್ಯಾಗ ಆ ಬಿಳೀ ಕಟ್ಟಿ. ಆಯಿ ಸೆರಗು ಬಾಯಿಗಿ ಒತ್ಕೊಂಡು ಆ ಕಡಿ ಮಾರಿ ತಿರುವಿದಳು. ಸಣ್ಣಾಕಿ ಕಟ್ಟಿ ನೋಡಿದಳು, ಏನೂ ಕೇಳಲಿಲ್ಲ. ಚೀಲದಾಗಿನ ದೊಡ್ಡ ಡಬ್ಬಿ ಮುಟ್ಟಿ ನೋಡ್ಕೊಂಡಳು, ಅಷ್ಟೇ. ಪೂಜಿ ಆಗಲಿ, ಚರಗ ಚೆಲ್ಲಿ ಬಂದು ಹೇಳ್ತೀನಿ ಅಂತ ಗಟ್ಟಿ ಮನಸ್ಸು ಮಾಡ್ದೆ.

ಜ್ವಾಳದ ಕಣಕಿ ಗುಡಸಲಾಗ ಸುಣ್ಣ ಹಚ್ಚಿದ ಐದು ಕಲ್ಲಿಗಿ ಪಾಂಡವರು ಅಂತ ಪೂಜಿ ಆತು. ಆಮ್ಯಾಲ ಚರಗ. ಎಡಿ ಕಲಸಿದ ಬುಟ್ಟಿ ಹಿಡ್ಕೊಂಡು ಒಬ್ಬರು ಹೊಲದ ಸುತ್ತ ಚೆಲ್ಲಕೋತ ಹೋಗಬೇಕು, ಹಿಂದಿಂದ ಇನ್ನೊಬ್ಬರು ಚೆಂಬಿನ ನೀರು ಚಿಮುಕಿಸ್ಕೋತ ಬರಬೇಕು. ಇಬ್ಬರೂ ಒದರಬೇಕು, "ಓಲಗ್ಯಾ ಓಲಗ್ಯಾ, ಚಲಂ ಪಲಗ್ಯಾ!" ಇದರ ಅರ್ಥ ಯಾರಿಗೂ ಗೊತ್ತಿಲ್ಲ. "ಅರ್ಥ ಗೊತ್ತಿದ್ರ ಇಷ್ಟು ಜೋರಾಗಿ ಯಾರು ಒದರ್ತಾರ?" ಅಂತಿದ್ದಳು ನನ್ನ ಹೆಂಡ್ತಿ. ಹೋದ ವರ್ಷ ನನ್ನ ಹಿಂದ ಚೆಂಬು ಹಿಡದಾಕಿ ಆಕಿನೇ.

ಈ ವರ್ಷ ಚೆಂಬು ದೊಡ್ಡಾಂವನ ಕೈಯಾಗ. ಮೂರು ಬದು ಒದರಿದೆ. ನಾಕನೇ ಬದುವಿಗಿ ಒದರೋದು ಬಿಟ್ಟು ನಿಂತೆ. ಕಟ್ಟಿ ಇದ್ದ ಮೂಲಿ ಅದು. ಜ್ವಾಳದ ಆ ಕಡಿಯಿಂದ ಸಣ್ಣಾಕಿ ಮಾತು ಕೇಳಿಸ್ತು. ದೊಡ್ಡಾಂವನ ಕೈ ಹಿಡದು ಸುಮ್ಕ ನಿಂದ್ರಿಸಿ, ತೆನಿ ಸರಿಸಿ ನೋಡಿದೆ. ಆಕಿ ಕಟ್ಟಿ ಮುಂದ ಚಕ್ಕಳಮಕ್ಕಳ ಹಾಕಿ ಕುಂತು, ಡಬ್ಬಿ ಮಡಲಾಗ ಇಟ್ಕೊಂಡು, ದೊಡ್ಡ ಹೆಂಗಸರಂಗ ಮಾತಾಡಾಕತ್ತಿದ್ದಳು.

"ಅವ್ವಾ, ಇದು ನಿನ್ನ ಪಾಲು ಅಂತ ಹೇಳೀನಿ, ಆದ್ರ ನಿನಗಲ್ಲ. ಅಪ್ಪಗ. ಆತ ಮನ್ಯಾಗ ಉಣ್ಣಂಗೇ ಇಲ್ಲ. ಆಯಿ ಬೈದ್ರೂ ಉಣ್ಣಂಗಿಲ್ಲ. ನಿನ್ನ ಪಾಲು ಅಂದ್ರ ಅಂಗಡಿಗಿ ಒಯ್ದು ತಾನೇ ತಿಂತಾನ. ಗಡಿಯಾರದ ಚಾಚಾ ನೋಡಿ ನನಗ ಹೇಳ್ಯಾರ. ಪಾರ್ಸಲ್ ಎಲ್ಲಿ ಹಾಕ್ತಾನ ಪಾಪ, ಊರು ಯಾವುದು ಅಂತ ಆತಗ ಗೊತ್ತಿಲ್ಲಲ್ಲ."

ಹಿಂದ ಮುಂದ ನೋಡಿ, ದನಿ ಸಣ್ಣ ಮಾಡಿದಳು.

"ನೀ ತೀರಿಕೊಂಡಿದ್ದು ಅಪ್ಪಗ ಇನ್ನಾ ಗೊತ್ತೇ ಇಲ್ಲ. ಊರಿಗಿ ಹೋಗ್ಯಾಳ ಅಂತ ತಿಳಕೊಂಡು ಕುಂತಾನ. ಅಣ್ಣ ನನಗ ಆವಾಗೇ ಹೇಳ್ಯಾನ, ಅಪ್ಪನ ಮುಂದ ಅನಬ್ಯಾಡ ಅಂತನೂ ಹೇಳ್ಯಾನ. ನಾ ಹೇಳಿಲ್ಲ. ಹೇಳಿದ್ರ ಅಳ್ತಾನ."

ನನ್ನ ಕೈಯಾಗಿನ ಬುಟ್ಟಿ ಬಿತ್ತು. ಐದು ತಿಂಗಳು ನಾ ಆಕಿನ್ನ ಕಾಯಾಕತ್ತೀನಿ ಅಂದ್ಕೊಂಡಿದ್ದೆ. ಊರ ಮಂದಿಗೆಲ್ಲಾ ಚಷ್ಮಾ ಕೊಡೋ ನನಗ ನನ್ನ ಮಗಳು ಕಂಡಿದ್ದಿಲ್ಲ. ಜ್ವಾಳ ದಾಟಿ ಹೋಗಿ ಆಕಿ ಮುಂದ ಕುಂತೆ.

"ನನಗ ಗೊತ್ತದವ್ವಾ" ಅಂದೆ.

ಆಕಿ ಕಣ್ಣು ಇಷ್ಟಗಲ ಆದ್ವು. ನನ್ನ ನೋಡಿದಳು. ನನ್ನ ಹಿಂದ ಚೆಂಬು ಹಿಡದು ನಿಂತ ಅಣ್ಣನ್ನ ನೋಡಿದಳು. ಡಬ್ಬಿ ಇಟ್ಟು ಧಡಕ್ಕನ ಎದ್ದಳು.

"ಅಪ್ಪಗ ಹೇಳಿಬಿಟ್ಟ್ಯಾ? ಹೇಳಬ್ಯಾಡ ಅಂತ ನೀನೇ ಅಂದಿದ್ದಿಲ್ಲಾ?"

"ನಾ ಹೇಳಿಲ್ಲ ಬೇ!"

"ಮತ್ತ ಆತಗ ಯಾರು ಹೇಳಿದ್ರು?"

ಒಂದು ಜ್ವಾಳದ ದಂಟು ಕಿತ್ಕೊಂಡು ಅವನ ಬೆನ್ನು ಹತ್ತಿದಳು. ದೊಡ್ಡಾಂವ ಚೆಂಬಿನ ನೀರು ಮೈಮ್ಯಾಲ ಚೆಲ್ಲಕೋತ "ಆಣಿ, ನಾ ಹೇಳಿಲ್ಲ!" ಅಂತ ಒದರಕೋತ ಓಡಿದ. ಗುಡಸಲ ಕಡಿಯಿಂದ ಆಯಿ "ಚರಗದಾಗ ಏನ್ರೋ ಗದ್ದಲ?" ಅಂತ ಕೂಗಿದಳು. ನಾ ಕಟ್ಟಿಗಿ ಒರಗಿ ನಗಾಕ ಹತ್ತಿದೆ. ನಗ್ತಾ ನಗ್ತಾ ಅದು ಅಳು ಆತು. ಶ್ರಾವಣದಿಂದ ಮಕ್ಕಳ ಮುಂದ ತಡ್ಕೊಂಡಿದ್ದೆಲ್ಲಾ ಬಂತು.

ಸಣ್ಣಾಕಿ ದಮ್ಮು ಹತ್ತಿ ಹೊಳ್ಳಿ ಬಂದಳು. ತನ್ನ ಫ್ರಾಕಿನಿಂದ ನನ್ನ ಚಷ್ಮಾ ಒರಸಿದಳು, ಆಮ್ಯಾಲ ಕಣ್ಣು ಒರಸಿದಳು. "ಹೋಗ್ಲಿ ಬಿಡಪ್ಪಾ. ಎಂದರೇ ಒಂದಿನ ಗೊತ್ತಾಗೋದೇ ಇತ್ತು" ಅಂದಳು. ಡಬ್ಬಿ ಮುಚ್ಚಳ ತಗದು ನನ್ನ ಮುಂದ ಸರಿಸಿದಳು. "ಈಗ ಇಲ್ಲೇ ಕುಂತು ತಿನ್ನು. ಕದ್ದು ತಿಂದ್ರ ಮೈಗಿ ಹತ್ತಂಗಿಲ್ಲ."

ರೊಟ್ಟಿ ಮುರದು ಭಜ್ಜ್ಯಾಗ ಅದ್ದಿ ಬಾಯಾಗ ಇಟ್ಕೊಂಡೆ. ಅವ್ವನ ಪಾಲು ಅಂತ ಆಕಿ ಅದರಾಗ ಒಂದು ಹಸಿಮೆಣಸಿನಕಾಯಿ ಮುಚ್ಚಿಟ್ಟಿದ್ದಳು, ಅದು ನನ್ನ ಹಲ್ಲಿಗೇ ಸಿಕ್ತು. ಕಿವಿಯಾಗ ಹೊಗಿ ಬಂತು, ಬಿಕ್ಕಳಿಕಿ ಶುರು ಆತು, ಕಣ್ಣಾಗ ನೀರು ಧಾರಿ ಹತ್ತಿತು.

"ಖಾರ ಆತೇನಪ್ಪಾ?"

"ಇಲ್ಲವ್ವಾ" ಅಂದೆ.

ಸಣ್ಣಾಕಿ ಕಟ್ಟಿ ಕಡಿ ತಿರುಗಿ ತಲಿ ಅಲ್ಲಾಡಿಸಿದಳು.

"ನೋಡಬೇ ಅವ್ವಾ, ಮತ್ತ ಸುಳ್ಳು."